ಆರರಲ್ಲೊಂದು ಒಡೆದರೆ ಐದು ಅಗ್ಗ

ಆಷಾಢದ ಡಿಸ್ಕೌಂಟ್ ಬೋರ್ಡು ತೂಗುವುದು ದೊಡ್ಡ ಅಂಗಡಿಗಳಲ್ಲಿ. ಅಗ್ಗದ ಚಹಾ ಕಪ್ಪು ಸಿಗುವುದು ಮಾತ್ರ ಅವುಗಳೆದುರಿನ ಫುಟ್‌ಪಾತಿನಲ್ಲಿ. ಬಸಿ ಕಳೆದುಕೊಂಡ, ಮುಚ್ಚಳ ಒಡೆದ, ಜತೆ ತಪ್ಪಿದ ಪಿಂಗಾಣಿಯ ರಾಶಿಗೆ ಕೈ ಹಾಕುವ ಮುನ್ನ ಕಣ್ಣು, ಕಿವಿ, ಬೆರಳು ಮೂರೂ ಚುರುಕಾಗಿರಲಿ!

ಭಾನುವಾರ ಬೆಳಗ್ಗೆ ಏಳು ಗಂಟೆ. ರಾತ್ರಿಯಿಡೀ ಹನಿಸಿದ ಮಳೆ ಈಗಷ್ಟೇ ನಿಂತಿದೆ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸುತ್ತಮುತ್ತ ಅಂಗಡಿಗಳ ಷಟರು ಇಳಿದೇ ಇವೆ. ಅವುಗಳ ಮುಂದೆ ಇನ್ನೊಂದು ಪೇಟೆ ಹರಡಿಕೊಂಡಿದೆ. ಇದು ಸಂಡೇ ಬಜಾರ್. ನೀಲಿ ಟಾರ್ಪಾಲಿನ ಮೇಲೆ ಮಿಕ್ಸಿ ಜಾರಿನ ಮುಚ್ಚಳ, ಒಂಟಿ ಸ್ಕೇಟು, ಯಾವ ಟೀವಿಯದೋ ರಿಮೋಟು, ತುಕ್ಕು ಹಿಡಿದ ಡಂಬೆಲ್ಲು. ಪಕ್ಕದ ಪ್ಲಾಸ್ಟಿಕ್ ಕ್ರೇಟಿನಲ್ಲಿ ಹಳೇ ಪೇಪರಿನ ಉಂಡೆಗಳ ನಡುವೆ ಕಪ್ಪುಗಳು.

ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕ್ರೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಒಂದೊಂದೇ ಕಪ್ಪು ಎತ್ತಿ, ಉಗುರಿನಿಂದ ಅಂಚಿಗೆ ತಟ್ಟಿ, ಕಿವಿಯ ಹತ್ತಿರ ಹಿಡಿಯುತ್ತಾರೆ. ಕೆಲವು ಎಡಕ್ಕೆ, ಹೆಚ್ಚಿನವು ವಾಪಸ್ ಕ್ರೇಟಿಗೆ.

‘ಅಮ್ಮಾ, ಅದು ರೇಡಿಯೋ ಅಲ್ಲಮ್ಮ, ಕಪ್ಪು’ ಎಂದ ವ್ಯಾಪಾರಿ.

ಅವರು ನಗಲಿಲ್ಲ. ‘ನಾಲ್ಕಕ್ಕೆ ಎಷ್ಟಪ್ಪಾ?’

‘ನೂರೈವತ್ತು ಕೊಡಿ.’

‘ನಾಲ್ಕೂ ನಾಲ್ಕು ಥರ. ಬಸಿ ಒಂದಕ್ಕೂ ಇಲ್ಲ. ಎಂಬತ್ತು.’

‘ಇನ್ನೂ ಬೋಣಿ ಆಗಿಲ್ಲಮ್ಮ...’

‘ಬೋಣಿ ಅಂತಲೇ ಎಂಬತ್ತು. ಇಲ್ದಿದ್ರೆ ಅರವತ್ತು ಅಂತಿದ್ದೆ.’

ನೂರಕ್ಕೆ ಮುಗಿಯಿತು. ಆಮೇಲೆ ಆಕೆ ನಾಲ್ಕರಲ್ಲೊಂದನ್ನು ಮೋಡದ ಬೆಳಕಿಗೆ ಎತ್ತಿ ಹಿಡಿದರು. ಹಾಲಿಗಿಂತ ತುಸು ಹಳದಿ ಬಿಳುಪು, ಅಂಚಿನಲ್ಲಿ ಅರ್ಧ ಅಳಿಸಿದ ಚಿನ್ನದ ಗೆರೆ. ಕಪ್ಪಿನ ಹಿಂದಿದ್ದ ಅವರ ಬೆರಳುಗಳ ನೆರಳು ಮುಂದಿನಿಂದ ನಿಚ್ಚಳವಾಗಿ ಕಾಣುತ್ತಿತ್ತು. ಬೋನ್ ಚೈನಾ, ಅದೂ ಇಪ್ಪತ್ತೈದು ರೂಪಾಯಿಗೆ!

ಒಂದು ಒಡೆದರೆ ಸಾಕು

ಚೌಕಾಸಿಯ ಆ ಎರಡು ಮಾತುಗಳಲ್ಲೇ ಅಗ್ಗದ ಕಾರಣವೂ ಇದೆ. ನಾಲ್ಕೂ ನಾಲ್ಕು ಥರ, ಬಸಿ ಇಲ್ಲ. ಕಪ್ಪಿಗೇನೂ ಆಗಿಲ್ಲ. ಕೆಟ್ಟಿರುವುದು ಅದರ ಸೆಟ್ಟು.

ನಮ್ಮ ಮಾರುಕಟ್ಟೆ ಚಹಾ ಪಾತ್ರೆಗೆ ಬೆಲೆ ಕಟ್ಟುವುದೇ ಆರರ ಲೆಕ್ಕದಲ್ಲಿ. ಆರು ಕಪ್ಪು, ಆರು ಬಸಿ, ಸಿಂಗಾರಕ್ಕೊಂದು ಟೀ ಪಾಟು, ಹಾಲಿನ ಜಗ್ಗು, ಸಕ್ಕರೆ ಬಟ್ಟಲು. ಇವುಗಳಲ್ಲೊಂದು ಕೈತಪ್ಪಿ ಬಿತ್ತೋ, ಉಳಿದವು ನೆಂಟರ ಮುಂದೆ ಇಡಲು ನಾಲಾಯಕ್ಕಾಗುತ್ತವೆ. ಚಹಾ ಹಿಡಿದುಕೊಳ್ಳುವ ಯೋಗ್ಯತೆ ಐದಕ್ಕೂ ಮೊದಲಿನಷ್ಟೇ ಇರುತ್ತದೆ. ಆದರೆ ಗುಜರಿಯವನು ಅವುಗಳನ್ನು ಪೂರ್ತಿ ಸೆಟ್ಟಿನ ಆರನೇ ಐದು ಭಾಗಕ್ಕೆ ಕೊಳ್ಳುವುದಿಲ್ಲ, ಒಟ್ಟಿಗೆ ಬಾಚಿ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಒಬ್ಬರೇ ಇರುವವರು, ಗಂಡ ಹೆಂಡತಿ ಇಬ್ಬರೇ ಇರುವವರು ಈ ಆರರ ಹಟ ಬಿಟ್ಟರೆ ಅರ್ಧ ಗೆದ್ದ ಹಾಗೆ.

ಇನ್ನು ಉಡುಗೊರೆಯ ಸಂಗತಿ. ಎಂಬತ್ತು ತೊಂಬತ್ತರ ದಶಕದಲ್ಲಿ ಮದುವೆಯಾದವರ ಮನೆಯ ಅಟ್ಟ ಹತ್ತಿದರೆ ಒಂದಾದರೂ ಟೀ ಸೆಟ್ಟು ಸಿಕ್ಕೇ ಸಿಗುತ್ತದೆ. ಬಣ್ಣದ ಕಾಗದ ಬಿಚ್ಚಿ, ಎಣಿಸಿ, ‘ಯಾರು ಕೊಟ್ಟದ್ದು ಬರ್ಕೊಳ್ರೇ’ ಎಂದು ಮತ್ತೆ ಅದೇ ಡಬ್ಬಿಯಲ್ಲಿಟ್ಟದ್ದು. ಕೆಲವು ಹಾಗೇ ಇನ್ನೊಂದು ಮದುವೆಗೆ ಹೋಗಿ, ಅಲ್ಲಿಂದ ಗೃಹಪ್ರವೇಶಕ್ಕೆ ಹೋಗಿ, ಒಂದು ತೊಟ್ಟು ಚಹಾ ಕಾಣದೆ ಊರೆಲ್ಲ ಸುತ್ತಿದವು. ದಿನದ ಚಹಾ ಕಾಫಿಗೆ ಸ್ಟೀಲ್ ಲೋಟ ಇದ್ದೇ ಇತ್ತು.

ಟೀ ಪಾಟಿನ ಪಾಡು ಇನ್ನೂ ಕಷ್ಟ. ಬಿಸಿನೀರಿಗೆ ಸೊಪ್ಪು ಹಾಕಿ ಮುಚ್ಚಿಟ್ಟು ಬಸಿದುಕೊಳ್ಳುವವರಿಗಾಗಿ ಮಾಡಿದ ಪಾತ್ರೆ ಅದು. ನಮ್ಮಲ್ಲಿ ನೀರು, ಹಾಲು, ಸಕ್ಕರೆ, ಪುಡಿ, ಜಜ್ಜಿದ ಶುಂಠಿ ಎಲ್ಲವೂ ಒಂದೇ ಪಾತ್ರೆಯಲ್ಲಿ ಕುದಿದು ಸೋಸಣಿಗೆಯಿಂದ ನೇರ ಲೋಟಕ್ಕಿಳಿಯುತ್ತವೆ. ಹೀಗಾಗಿ ಟೀ ಪಾಟು ಷೋಕೇಸಿನಲ್ಲಿ ಕೂತಿತು, ಮನೆ ಬದಲಾಯಿಸುವಾಗ ಮುಚ್ಚಳ ಕಳೆದುಕೊಂಡಿತು, ಫುಟ್‌ಪಾತಿಗೆ ಬಂತು. ಇಂದು ಹಸಿರು ಚಹಾ, ಸೊಪ್ಪಿನ ಚಹಾ ರೂಢಿಸಿಕೊಂಡವರು ಹೊಸ ಟೀ ಪಾಟಿಗೆ ಸಾವಿರಾರು ರೂಪಾಯಿ ಕೊಡುತ್ತಿದ್ದಾರೆ. ಹಳೆಯದು ಬಜಾರಿನಲ್ಲಿ ಪುಡಿಗಾಸಿಗೆ ಕಾದಿದೆ.

ಸಸ್ಯಾಹಾರದ ಮಾತೂ ಉಂಟು. ಬೋನ್ ಚೈನಾದಲ್ಲಿರುವುದು ನಿಜವಾದ ಮೂಳೆ, ದನದ ಮೂಳೆ ಸುಟ್ಟ ಬೂದಿ. 18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಸ್ಟೋಕ್ ಆನ್ ಟ್ರೆಂಟ್‌ನಲ್ಲಿ ಜೋಸಾಯಾ ಸ್ಪೋಡ್ ಎಂಬ ಕುಂಬಾರನ ಕುಟುಂಬದವರು ಹದಗೊಳಿಸಿದ ಪಾಕ ಅದು. ಸರಿಸುಮಾರು ಅರ್ಧ ಪಾಲು ಮೂಳೆ ಬೂದಿ, ಕಾಲು ಪಾಲು ಕೆಯೊಲಿನ್ ಜೇಡಿ, ಕಾಲು ಪಾಲು ಕಲ್ಲಿನ ಪುಡಿ. ಬೆಳಕು ಹಾಯುವ ತೆಳುವಾದ ಮೈ, ಆ ತೆಳುವಿಗೆ ನಂಬಲಾಗದ ಗಟ್ಟಿತನ ಎರಡೂ ಈ ಬೂದಿಯಿಂದಲೇ ಬಂದವು. ವಿಷಯ ತಿಳಿದ ಮೇಲೆ ಅದರಲ್ಲಿ ಕುಡಿಯಲೊಲ್ಲದ ಮನೆಗಳು ನಮ್ಮಲ್ಲಿ ಸಾಕಷ್ಟಿವೆ. ಓಪಲ್ ಗಾಜಿನ ಕಪ್ಪು ಮಾರುವ ಕಂಪನಿಗಳು ‘ಮೂಳೆ ಬೂದಿ ಇಲ್ಲ’ ಎಂದು ಜಾಹೀರಾತು ಕೊಡುವುದು ಅವರಿಗಾಗಿಯೇ. ಅಂಥ ಮನೆಗೆ ಉಡುಗೊರೆಯಾಗಿ ಹೋದ ಬೋನ್ ಚೈನಾ ಎಲ್ಲಿಗೆ ಬರಬೇಕೋ ಅಲ್ಲಿಗೇ ಬರುತ್ತದೆ.

---

ಮೂರು ಡಾಲರಿನ ಬಟ್ಟಲು, ಹದಿನೈದು ಪೌಂಡಿನ ಪಾಟು

* ನ್ಯೂಯಾರ್ಕ್ ರಾಜ್ಯದ ಕುಟುಂಬವೊಂದು ಮನೆಯಂಗಳದ ಹಳೇ ಸಾಮಾನು ಮಾರಾಟದಲ್ಲಿ 3 ಡಾಲರಿಗೆ ಬಿಳಿ ಬಟ್ಟಲೊಂದನ್ನು ಕೊಂಡಿತ್ತು. ಅದು ಚೀನಾದ ಸಾಂಗ್ ಅರಸರ ಕಾಲದ, ಸುಮಾರು ಸಾವಿರ ವರ್ಷ ಹಳೆಯ ‘ಡಿಂಗ್’ ಪಿಂಗಾಣಿ. 2013ರಲ್ಲಿ ಸೋದಬೀಸ್ ಹರಾಜಿನಲ್ಲಿ ಬಂದ ಬೆಲೆ 22 ಲಕ್ಷ ಡಾಲರಿಗೂ ಹೆಚ್ಚು.

* ಇಂಗ್ಲೆಂಡಿನಲ್ಲಿ ಒಬ್ಬರು 15 ಪೌಂಡಿಗೆ ಕೊಂಡ ಟೀ ಪಾಟಿಗೆ ಮುಚ್ಚಳ ಇರಲಿಲ್ಲ, ಹಿಡಿ ಮುರಿದು ಅಂಟಿಸಿದ್ದು. ಅದನ್ನು ಮಾಡಿದವನು ಜಾನ್ ಬಾರ್ಟ್ಲಮ್, 1760ರ ದಶಕದಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಪಿಂಗಾಣಿ ಸುಟ್ಟವನು. 2018ರಲ್ಲಿ ಅದು ಶುಲ್ಕ ಸೇರಿ 5.75 ಲಕ್ಷ ಪೌಂಡಿಗೆ ಹೋಯಿತು. ಕೊಂಡದ್ದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ.

* ಶಾಂಘೈನ ಸಿರಿವಂತ ಲಿಯು ಯಿಕ್ಯಾನ್ 2014ರಲ್ಲಿ ಮಿಂಗ್ ಕಾಲದ, ಕೋಳಿಯ ಚಿತ್ರವಿರುವ ಪುಟ್ಟ ಕಪ್ಪಿಗೆ 28 ಕೋಟಿ ಹಾಂಗ್‌ಕಾಂಗ್ ಡಾಲರ್ ತೆತ್ತು, ಅದರಲ್ಲೇ ಚಹಾ ಕುಡಿದು ಫೋಟೊ ತೆಗೆಸಿಕೊಂಡರು.

ಆಸೆ ಬೇಡ. ಇಂಥವು ಸುದ್ದಿಯಾಗುವುದೇ ಅಪರೂಪಕ್ಕೆ ಸಿಗುವುದರಿಂದ.

---

ಉಗುರು ತಟ್ಟಿದರೆ ಗುಟ್ಟು ಹೊರಗೆ

ಬಜಾರಿನಲ್ಲಿ ಹಳಬರು ಮಾಡುವ ಪರೀಕ್ಷೆಗಳಿಗೆ ಸಲಕರಣೆಯೇನೂ ಬೇಕಿಲ್ಲ.

ಮೊದಲನೆಯದು ಕಿವಿ. ಕಪ್ಪನ್ನು ಹಿಡಿಯಲ್ಲಿ ಅದುಮಿ ಹಿಡಿಯದೆ ಅಂಗೈ ಮೇಲೆ ನಿಲ್ಲಿಸಿ, ಅಂಚಿಗೆ ಉಗುರಿನಿಂದ ತಟ್ಟಬೇಕು. ಗಟ್ಟಿ ಪಿಂಗಾಣಿ ‘ಟಣ್’ ಎಂದು ಎಳೆದು ನುಡಿಯುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ‘ಟಪ್’ ಎಂದು ಅಲ್ಲೇ ಸಾಯುತ್ತದೆ. ದಪ್ಪ ಮಗ್ಗುಗಳು ಹುಟ್ಟಿನಿಂದಲೇ ಮಂದದನಿಯವು. ಅವಕ್ಕೆ ಈ ಪರೀಕ್ಷೆ ಅಷ್ಟಾಗಿ ಒಗ್ಗದು. ಅಲ್ಲಿ ಬೆರಳನ್ನು ಅಂಚಿನ ಸುತ್ತ ಓಡಿಸಿ. ತುಟಿ ತಾಗುವ ಜಾಗದಲ್ಲಿ ಚಕ್ಕೆ ಎದ್ದಿದ್ದರೆ ಬಿಡಿ, ಬುಡದಲ್ಲಿದ್ದರೆ ಅದನ್ನೇ ತೋರಿಸಿ ಹತ್ತು ರೂಪಾಯಿ ಇಳಿಸಿ.

ಎರಡನೆಯದು ಬೆಳಕು. ಬೋನ್ ಚೈನಾದ ಬಿಳುಪು ಬೆಚ್ಚಗಿನದು, ಕೆನೆ ಬಣ್ಣದ ಕಡೆಗೆ ವಾಲಿದ್ದು. ಮೂಳೆ ಬೂದಿಯಿಲ್ಲದ ಪಿಂಗಾಣಿಯೂ ತೆಳುವಿದ್ದರೆ ಬೆಳಕು ಬಿಡುತ್ತದೆ, ಆದರೆ ಅದರ ಬಿಳುಪಿನಲ್ಲಿ ಸಾಮಾನ್ಯವಾಗಿ ನೀಲಿ ಬೂದು ಛಾಯೆ. ಓಪಲ್ ಗಾಜೂ ಇವೆರಡರ ವೇಷದಲ್ಲಿ ಬಂದು ಕೂರುವುದುಂಟು. ಅದನ್ನು ತಲೆಕೆಳಗು ಮಾಡಿ ನೋಡಿ. ಪಿಂಗಾಣಿಯ ಬುಡದಲ್ಲಿ ಮೆರುಗು ಹತ್ತದ, ತುಸು ಒರಟಾದ ಉಂಗುರವಿರುತ್ತದೆ. ಭಟ್ಟಿಯ ಹಲಗೆಗೆ ಕಪ್ಪು ಅಂಟದಿರಲೆಂದು ಅಲ್ಲಿನ ಮೆರುಗು ಒರೆಸಿರುತ್ತಾರೆ. ಅಚ್ಚಿನಲ್ಲಿ ಒತ್ತಿದ ಗಾಜಿಗೆ ಆ ಉಂಗುರದ ಕೆಲಸವಿಲ್ಲ.

ತಲೆಕೆಳಗು ಮಾಡಿದ ಮೇಲೆ ಮುದ್ರೆಯನ್ನೂ ಓದಿಕೊಳ್ಳಿ. ಅಮೆರಿಕಕ್ಕೆ ಬರುವ ಸರಕಿನ ಮೇಲೆ ದೇಶದ ಹೆಸರಿರಲೇಬೇಕೆಂಬ ಕಾನೂನು ಬಂದದ್ದು 1891ರಲ್ಲಿ. ಜಪಾನಿನ ಕಪ್ಪುಗಳ ಮೇಲೆ ‘ನಿಪ್ಪಾನ್’ ಎಂದಿದ್ದರೆ ಅದು ಹೆಚ್ಚಾಗಿ 1921ಕ್ಕೆ ಮುಂಚಿನದು. ಎರಡನೇ ಮಹಾಯುದ್ಧದ ನಂತರ 1952ರವರೆಗಿನ ಕೆಲವು ಕಪ್ಪುಗಳ ಬುಡದಲ್ಲಿ ‘ವಶದಲ್ಲಿರುವ ಜಪಾನ್‌ನಲ್ಲಿ ತಯಾರಾದದ್ದು’ ಎಂಬರ್ಥದ ಇಂಗ್ಲಿಷ್ ಒಕ್ಕಣೆ ಇರುತ್ತದೆ. ಸೋತ ದೇಶವೊಂದು ತನ್ನ ಸೋಲನ್ನು ಕಪ್ಪಿನ ತಳದಲ್ಲಿ ಅಚ್ಚೊತ್ತಿ ಕಳಿಸಿದ ದಾಖಲೆ! ಮುದ್ರೆ ಇದ್ದ ಮಾತ್ರಕ್ಕೆ ಹೆಚ್ಚು ದುಡ್ಡು ಕೊಡಬೇಕಿಲ್ಲ, ಮುದ್ರೆಯನ್ನೂ ನಕಲು ಮಾಡುವವರಿದ್ದಾರೆ.

ಮೂರನೆಯದು ಟೀ ಪಾಟಿನ ಮೂತಿ, ಜನ ಬಹಳ ಸಲ ಎಡವುವುದು ಇಲ್ಲೇ. ಮೂತಿಯ ತುದಿ ಪಾಟಿನ ಬಾಯಿಗಿಂತ ಕೆಳಗಿದ್ದರೆ ಪೂರ್ತಿ ತುಂಬಿಸುವ ಮೊದಲೇ ಚಹಾ ಮೂತಿಯಿಂದ ಹೊರಗೆ ಬರುತ್ತದೆ. ಮುಚ್ಚಳದಲ್ಲೊಂದು ಸಣ್ಣ ತೂತು ಬೇಕು. ಗಾಳಿ ಒಳಹೋಗದಿದ್ದರೆ ಚಹಾ ಗುಳುಗುಳು ಎಂದು ತಡೆತಡೆದು ಬೀಳುತ್ತದೆ. ಒಳಗೆ ಮೂತಿ ಶುರುವಾಗುವಲ್ಲಿ ಜಾಲರಿಯಂಥ ತೂತುಗಳಿದ್ದರೆ ಸೋಸಣಿಗೆ ಉಳಿಯಿತು.

ಬಗ್ಗಿಸಿದಾಗ ಕೊನೆಯ ಧಾರೆ ಮೂತಿಯ ಕೆಳಗಿಂದ ಹರಿದು ಮೇಜಿಗೆ ಸೋರುವುದಂತೂ ಎಲ್ಲರಿಗೂ ಗೊತ್ತು. ಇದಕ್ಕೆ ಗಣಿತದ ಲೆಕ್ಕವೇ ಇದೆ. ಅಮೆರಿಕದ ಗಣಿತಜ್ಞ ಜೋಸೆಫ್ ಕೆಲ್ಲರ್ 1957ರಲ್ಲೇ ಬರೆದರು: ಮೂತಿಯಂಚಿನಲ್ಲಿ ಧಾರೆಯೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾಗುತ್ತದೆ, ಗಾಳಿ ಧಾರೆಯನ್ನು ಮೂತಿಗೆ ಒತ್ತಿ ಹಿಡಿಯುತ್ತದೆ. ಈ ಲೆಕ್ಕ ಮುಂದುವರಿಸಿದ್ದಕ್ಕೆ 1999ರ ‘ಇಗ್ ನೊಬೆಲ್’ ಎಂಬ ನಗೆ ಪ್ರಶಸ್ತಿಯೂ ಬಂತು. ಕೊಳ್ಳುವವರಿಗೆ ಇದರ ಸಾರ ಇಷ್ಟೆ, ಮೂತಿಯ ತುಟಿ ಚೂಪಾಗಿದ್ದರೆ ಸೋರುವುದು ಕಡಿಮೆ, ದುಂಡಗಿದ್ದರೆ ಜಾಸ್ತಿ. ವ್ಯಾಪಾರಿಯ ನೀರಿನ ಬಾಟಲಿ ಪಕ್ಕದಲ್ಲೇ ಇರುತ್ತದೆ. ಕೇಳಿ, ಸುರಿದು ನೋಡಿ. ಯಾರೂ ಬೇಡ ಅನ್ನುವುದಿಲ್ಲ.

---

ಅಂಗಡಿಯ ಪಾಟು, ಕಂಪ್ಯೂಟರಿನ ತಾರೆ

ಜಗತ್ತಿನ ಅತಿ ಪ್ರಸಿದ್ಧ ಟೀ ಪಾಟು ಅರಮನೆಯದಲ್ಲ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಅಂಗಡಿಯೊಂದರಲ್ಲಿ ಮನೆ ಬಳಕೆಗೆ ಕೊಂಡ, ಮೆಲಿಟಾ ಕಂಪನಿಯ ಸಾದಾ ಬಿಳಿ ಪಾಟು. ಯೂಟಾ ವಿಶ್ವವಿದ್ಯಾಲಯದ ಮಾರ್ಟಿನ್ ನ್ಯೂವೆಲ್‌ಗೆ 1975ರಲ್ಲಿ ಕಂಪ್ಯೂಟರಿನಲ್ಲಿ ಚಿತ್ರಿಸಲು ಒಂದು ವಸ್ತು ಬೇಕಿತ್ತು. ‘ಈ ಟೀ ಪಾಟೇ ಆಗಬಹುದಲ್ಲ’ ಎಂದು ಸೂಚಿಸಿದ್ದು ಅವರ ಹೆಂಡತಿ. ಅದರ ಉಬ್ಬು, ಹಿಡಿ, ಮೂತಿಗಳ ಅಳತೆ ಹಂಚಿಕೆಯಾಗಿ ‘ಯೂಟಾ ಟೀ ಪಾಟ್’ ಕಂಪ್ಯೂಟರ್ ಚಿತ್ರಕಲೆಯ ಮೊದಲ ಪಾಠವಾಯಿತು. ‘ಟಾಯ್ ಸ್ಟೋರಿ’ ಚಿತ್ರದಲ್ಲೂ ಅದು ಮುಖ ತೋರಿಸಿದೆ. ಮೂಲ ಪಾಟು ಈಗ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿದೆ.

---

ಖುರ್ಜಾದ ಸೆಕೆಂಡ್ಸ್

ಅಗ್ಗದ ಪಿಂಗಾಣಿಯ ಇನ್ನೊಂದು ದಾರಿ ಕಾರ್ಖಾನೆಯಿಂದಲೇ ಹೊರಡುತ್ತದೆ. ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯ ಖುರ್ಜಾ ಊರೆಲ್ಲ ಭಟ್ಟಿಯೇ. ಅಲ್ಲಿನ ಪಿಂಗಾಣಿಗೆ 2015ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನಮ್ಮೂರುಗಳ ಮೈದಾನದಲ್ಲಿ ಶಾಮಿಯಾನ ಹಾಕಿ, ಹುಲ್ಲು ಹರಡಿ, ಜಾಡಿ, ಮಗ್ಗು, ಹೂವಿನ ಕುಂಡ ಜೋಡಿಸುವ ‘ಕ್ರಾಕರಿ ಮೇಳ’ಗಳ ಸರಕು ಬಹುಪಾಲು ಅಲ್ಲಿಯದೇ.

ಭಟ್ಟಿಯಿಂದ ಹೊರಬಂದದ್ದೆಲ್ಲ ಮೊದಲ ದರ್ಜೆಯದಾಗುವುದಿಲ್ಲ. ಜೇಡಿಯಲ್ಲಿನ ಕಬ್ಬಿಣದ ಕಣ ಕರಗಿ ಬಿಳಿ ಮೈಮೇಲೆ ಕಪ್ಪು ಚುಕ್ಕೆಯಾಗುತ್ತದೆ. ಮೆರುಗಿನಲ್ಲಿ ಗಾಳಿಗುಳ್ಳೆ ಒಡೆದು ಸೂಜಿಮೊನೆಯಷ್ಟು ತೂತು ಉಳಿಯುತ್ತದೆ. ಶಾಖ ಒಂದು ಪಕ್ಕಕ್ಕೆ ಹೆಚ್ಚಾದರೆ ಅಂಚು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ದೊಡ್ಡ ಅಂಗಡಿಗಳು ಇವನ್ನು ಮುಟ್ಟುವುದಿಲ್ಲ. ವ್ಯಾಪಾರದವರ ಬಾಯಲ್ಲಿ ‘ಸೆಕೆಂಡ್ಸ್’ ಆಗಿ ಇವು ಮೇಳಕ್ಕೆ, ಮೇಳದಿಂದ ತಳ್ಳುಗಾಡಿಗೆ ಇಳಿಯುತ್ತವೆ.

ನನ್ನ ಕೇಳಿದರೆ ಚುಕ್ಕೆ ಇದ್ದದ್ದು ಕೊಳ್ಳಿ, ಒಳಮೈಯಲ್ಲಿ ತೂತಿದ್ದದ್ದು ಬೇಡ. ಚುಕ್ಕೆ ಬರೀ ನೋಟದ ಕುಂದು. ತೂತಿನೊಳಗೆ ಚಹಾ ಇಳಿದು, ಕಲೆ ಕಟ್ಟಿ, ಎಷ್ಟು ಉಜ್ಜಿದರೂ ಹೋಗದು. ಮೆರುಗಿನಲ್ಲಿ ಬಲೆಯಂತೆ ಹರಡಿದ ಕೂದಲೆಳೆ ಗೆರೆಗಳದ್ದೂ ಇದೇ ತಾಪತ್ರಯ. ಕಪ್ಪಿನ ಮೇಲ್ಮೈಗೆ ಹತ್ತಿದ ಚಹಾ ಕರೆಗೆ ಹೆದರಬೇಕಿಲ್ಲ. ಅಡುಗೆ ಸೋಡಾದ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ತೆಗೆದುಕೊಂಡು ಉಜ್ಜಿದರೆ ಐದು ನಿಮಿಷದಲ್ಲಿ ಬಿಳಿ.

ಪಿಂಗಾಣಿ ಬೆಂಗಳೂರಿಗೇನೂ ಹೊರಗಿನದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸಮೀಪ ಮೈಸೂರು ಸರ್ಕಾರದ್ದೇ ಪಿಂಗಾಣಿ ಕಾರ್ಖಾನೆಯಿತ್ತು. ಅದರ ಮುಖ್ಯ ಕೆಲಸ ವಿದ್ಯುತ್ ತಂತಿ ಕಟ್ಟುವ ಇನ್ಸುಲೇಟರ್. 1976ರಲ್ಲಿ ಅದು ಬಿಎಚ್‌ಇಎಲ್ ತೆಕ್ಕೆಗೆ ಹೋಯಿತು. ಇನ್ನು ಮಣ್ಣಿನ ಕುಡಿಕೆ ಬೇಕೆಂದರೆ ಬೆನ್ಸನ್ ಟೌನ್ ಬಳಿಯ ಪಾಟರಿ ಟೌನ್‌ಗೆ ಹೋಗಬೇಕು. ಗಣಪತಿ ಹಬ್ಬ, ದೀಪಾವಳಿ ಮುಂದಿಟ್ಟುಕೊಂಡು ದುಡಿಯುವ ಕುಂಬಾರರ ಓಣಿ. ಅಂಗಡಿಯ ಬದಲು ಅಲ್ಲೇ ಕೊಂಡರೆ ನಡುವಿನವರ ಲಾಭವಾದರೂ ಉಳಿಯುತ್ತದೆ. ಒಂದು ಮಾತು. 2004ರಲ್ಲಿ ರೈಲ್ವೆ ಸಚಿವರಾಗಿದ್ದ ಲಾಲು ಪ್ರಸಾದ್ ನಿಲ್ದಾಣಗಳಿಗೆ ಮಣ್ಣಿನ ಕುಡಿಕೆ ತಂದರು, 2020ರಲ್ಲಿ ಪಿಯೂಷ್ ಗೋಯಲ್ ಮತ್ತೆ ಅದನ್ನೇ ಘೋಷಿಸಿದರು. ಎರಡು ಸಲವೂ ಅದು ಕುಡಿದು ಎಸೆಯುವ ಪಾತ್ರೆಯಾಗಿಯೇ ಬಂದದ್ದು. ಮೆರುಗಿಲ್ಲದ ಮಣ್ಣು ಹಾಲಿನ ಚಹಾವನ್ನು ಹೀರಿಕೊಳ್ಳುತ್ತದೆ, ತೊಳೆದಿಟ್ಟರೂ ವಾಸನೆ ಬಿಡುವುದಿಲ್ಲ. ದಿನದ ಬಳಕೆಗೆಂದು ಕೊಳ್ಳಬೇಡಿ.

ಅನ್ನದ ಬಟ್ಟಲಿಗೆ ರಾಷ್ಟ್ರೀಯ ಮನ್ನಣೆ

ಅಗ್ಗದ ಪಾತ್ರೆಗೆ ಬೆಲೆ ತರುವುದು ಮಾಡಿದವನ ಹೆಸರೇ ಆಗಬೇಕೆಂದಿಲ್ಲ, ಕಂಡವನ ಕಣ್ಣಿನಿಂದಲೂ ಬೆಲೆ ಬರುತ್ತದೆ. ಇದರ ದೊಡ್ಡ ಪುರಾವೆ ಜಪಾನಿನ ಕ್ಯೋಟೊದಲ್ಲಿದೆ. ದೈತೊಕುಜಿ ದೇಗುಲ ಸಮುಚ್ಚಯದ ಕೊಹೊಆನ್ ಎಂಬಲ್ಲಿ ಪೆಟ್ಟಿಗೆಯೊಳಗೆ ಪೆಟ್ಟಿಗೆಯಿಟ್ಟು ಕಾಪಾಡಿರುವ ಚಹಾ ಬಟ್ಟಲು ‘ಕಿಜಾಯೆಮೊನ್ ಇದೊ’.

ಮೂಲದಲ್ಲಿ ಅದು ಕೊರಿಯಾದ ಬಡವರ ಮನೆಯ ಬಟ್ಟಲು. ಹೆಸರಿಲ್ಲದ ಕುಂಬಾರನೊಬ್ಬ ದಿನಕ್ಕೆ ಎಷ್ಟೋ ಮಾಡಿ ಬಿಸಾಡಿದ ಮಾಲು. ಮೈ ಒರಟು, ಮೆರುಗು ಅಲ್ಲಲ್ಲಿ ಗುಳ್ಳೆಗುಳ್ಳೆ, ಬುಡ ಸೊಟ್ಟ. 16ನೇ ಶತಮಾನದ ಜಪಾನಿನಲ್ಲಿ ಸೆನ್ ನೊ ರಿಕ್ಯು ಮೊದಲಾದ ಚಹಾ ಗುರುಗಳು ಚೀನಾದ ನುಣುಪು ಪಾತ್ರೆಗಳನ್ನು ಪಕ್ಕಕ್ಕಿಟ್ಟು ಇಂಥ ಒರಟು ಬಟ್ಟಲುಗಳನ್ನು ಆರಿಸಿಕೊಂಡರು. ಸರಳತೆ ಅವರ ಧರ್ಮವಾಗಿತ್ತು, ಆ ಧರ್ಮಕ್ಕೆ ತಕ್ಕ ಪಾತ್ರೆ ಇದಾಯಿತು.

ಮುಂದಿನದು ತಮಾಷೆ. ಸರಳವೆಂದು ಆರಿಸಿದ ಬಟ್ಟಲಿನ ಬೆಲೆ ಏರುತ್ತಾ ಹೋಯಿತು. ಒಸಾಕಾದ ವರ್ತಕನಿಂದ ಅದರ ಹೆಸರು ಬಂತು, ಕೈಯಿಂದ ಕೈಗೆ ದಾಟಿ ಮತ್ಸುಯೆಯ ದೊರೆ ಮತ್ಸುದೈರ ಫುಮೈ ಬಳಿ ಬಂತು. ಇಟ್ಟುಕೊಂಡವರಿಗೆ ಕುರು ಏಳುತ್ತದೆ ಎಂಬ ಪ್ರತೀತಿಯೂ ಹುಟ್ಟಿತು. ಫುಮೈ ತೀರಿಕೊಂಡ ಮೇಲೆ ಆತನ ಹೆಂಡತಿ ಬಟ್ಟಲನ್ನು ಕೊಹೊಆನ್‌ಗೆ ಕೊಟ್ಟುಬಿಟ್ಟಳು. 1931ರಲ್ಲಿ ಅದನ್ನು ಕೈಯಲ್ಲಿ ಹಿಡಿದು ನೋಡಿದ ಕಲಾ ಚಿಂತಕ ಯನಾಗಿ ಸೊಯೆತ್ಸು, ಇದಕ್ಕಿಂತ ಸಾಮಾನ್ಯವಾದದ್ದು ಇರಲಾರದು ಎಂಬ ಭಾವದಲ್ಲಿ ಬರೆದರು. ಮೆಚ್ಚುಗೆಯ ಮಾತೇ ಅದು. ಇಂದು ಅದು ಜಪಾನಿನ ರಾಷ್ಟ್ರೀಯ ಸಂಪತ್ತು.

ನಮ್ಮ ರಸ್ತೆಬದಿಯ ಟೀ ಅಂಗಡಿಯ ಗೆರೆಗೆರೆ ಗಾಜಿನ ಲೋಟವೂ ಈ ದಾರಿ ಹಿಡಿದಿದೆ. ಫಿರೋಜಾಬಾದಿನ ಗಾಜಿನ ಭಟ್ಟಿಗಳಿಂದ ಡಜನ್ನುಗಟ್ಟಲೆ ಬರುವ ಲೋಟ ಸಗಟು ಪಾತ್ರೆ ಅಂಗಡಿಗಳಲ್ಲಿ ಈಗಲೂ ಅಗ್ಗ. ಅದನ್ನೇ ಆರರಂತೆ ತಂತಿಯ ಹಿಡಿಕೆಯಲ್ಲಿಟ್ಟು, ಆನ್‌ಲೈನಿನಲ್ಲಿ ‘ವಿಂಟೇಜ್ ಕಟಿಂಗ್ ಚಾಯ್ ಸೆಟ್’ ಎಂದು ಮಾರುತ್ತಾರೆ. ಲೋಟ ಅದೇ, ತಂತಿಗೆ ದುಡ್ಡು.

ಹಿತ್ತಾಳೆ ಹೊಳೆದರೆ ಸಾಲದು

ಬಜಾರಿನಲ್ಲಿ ಕಣ್ಣು ಕೋರೈಸುವುದು ಹಿತ್ತಾಳೆಯ ಕೆಟಲ್ಲು, ದಬರಾ ಲೋಟ. ವ್ಯಾಪಾರಿ ಬಾಯಿ ಬಿಟ್ಟರೆ ‘ಆಂಟಿಕ್’. ಗುಜರಿಯವರು ಕೊಳ್ಳುವಾಗ ಹಿತ್ತಾಳೆಗೆ ಕೆ.ಜಿ. ಲೆಕ್ಕ, ಮಾರುವಾಗ ಬಿಡಿ ಲೆಕ್ಕ. ಆ ದಿನದ ತೂಕದ ದರ ಯಾವುದಾದರೂ ಪಾತ್ರೆ ಅಂಗಡಿಯಲ್ಲಿ ವಿಚಾರಿಸಿಕೊಂಡು ಹೋದರೆ ಚೌಕಾಸಿ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗುತ್ತದೆ. ಹಳೆಯದೆಂದು ತೋರಿಸಲು ಹೊಸ ಹಿತ್ತಾಳೆಗೆ ಆಸಿಡ್ ಬಳಿದು ಕಪ್ಪಾಗಿಸುವುದುಂಟು. ಬಳಿದ ಕಪ್ಪು ಎಲ್ಲ ಕಡೆ ಒಂದೇ ಸಮ. ನಿಜವಾಗಿ ಬಳಸಿದ್ದು ಹಿಡಿಯಲ್ಲಿ, ಮುಚ್ಚಳದ ಗುಬಟಿನಲ್ಲಿ, ಕೈ ತಾಗುವಲ್ಲೆಲ್ಲ ಸವೆದು ನುಣುಪಾಗಿರುತ್ತದೆ.

ಕೊಂಡ ಹಿತ್ತಾಳೆಯಲ್ಲಿ ನೇರವಾಗಿ ಚಹಾ ಕಾಸಬೇಡಿ. ನಿಂಬೆ, ಶುಂಠಿ ಬೀಳುವ ಪಾತ್ರೆಗೆ ಕಲಾಯಿ ಬೇಕೇ ಬೇಕು. ಕಲಾಯಿಯವರು ಈಗ ವಿರಳ, ಆದರೂ ಹಳೇ ಪೇಟೆಗಳಲ್ಲಿ ಕೇಳಿದರೆ ಸಿಗುತ್ತಾರೆ. ಅವರ ಕೆಲಸ ನಿಂತು ನೋಡುವಂಥದ್ದು. ತಿದಿಯೊತ್ತಿ ಇದ್ದಿಲ ಕೆಂಡ ಏಳಿಸಿ, ಪಾತ್ರೆಯನ್ನು ಇಕ್ಕುಳದಲ್ಲಿ ಹಿಡಿದು ಕಾಯಿಸುತ್ತಾರೆ. ಕಾದ ಮೈಗೆ ನವಸಾಗರದ ಪುಡಿ ಬಿದ್ದೊಡನೆ ಬಿಳಿ ಹೊಗೆ ಭುಸ್ಸೆನ್ನುತ್ತದೆ, ಮೂಗು ಸುಡುತ್ತದೆ. ಪಾತ್ರೆಯ ಕಿಲುಬನ್ನು ತಿನ್ನುವುದು ಅದೇ. ಆಮೇಲೆ ತವರದ ಕಡ್ಡಿಯನ್ನು ಒಳಮೈಗೆ ತಾಗಿಸುತ್ತಾರೆ. 232 ಡಿಗ್ರಿಗೇ ಕರಗುವ ಲೋಹ ಅದು, ತಾಗಿದಲ್ಲೇ ನೀರಾಗುತ್ತದೆ. ಹತ್ತಿಯ ಉಂಡೆಯಿಂದ ಒಂದು ಸುತ್ತು ಒರೆಸಿದರೆ ಹಳದಿ ಪಾತ್ರೆಯ ಒಳಗೆಲ್ಲ ಬೆಳ್ಳಿ ಬಣ್ಣ. ತಣ್ಣೀರಿಗೆ ಅದ್ದಿ ತೆಗೆದರೆ ಕೆಲಸ ಮುಗಿಯಿತು. ಬೆಳ್ಳಿ ಬಣ್ಣ ಸವೆದು ಹಳದಿ ಇಣುಕಿದಾಗ ಮತ್ತೆ ಮಾಡಿಸಬೇಕು. ಕೆಟಲ್ಲಿನ ಬೆಲೆಗೆ ಈ ಖರ್ಚನ್ನೂ ಸೇರಿಸಿ, ಆಮೇಲೆ ಅಗ್ಗವೋ ತುಟ್ಟಿಯೋ ಹೇಳಿ.

ಸ್ಟೀಲಿನಲ್ಲಿ ಇನ್ನೊಂದು ಆಟ. ವ್ಯಾಪಾರಿ ಅಯಸ್ಕಾಂತ ಹಿಡಿದು, ‘ನೋಡಿ, ಅಂಟಲ್ಲ, ಪ್ಯೂರ್ 304’ ಎನ್ನುತ್ತಾನೆ. 304 ದರ್ಜೆಯ ಸ್ಟೀಲು ಅಂಟುವುದಿಲ್ಲ ಎನ್ನುವುದು ನಿಜ. ಅದಕ್ಕಿಂತ ಅಗ್ಗವಾದ, ನಿಕಲ್ ಕಡಿಮೆಯಿರುವ 202 ಕೂಡ ಅಂಟುವುದಿಲ್ಲ. ಅಯಸ್ಕಾಂತದಿಂದ ಇವೆರಡನ್ನು ಬೇರೆ ಮಾಡಲಾಗದು. ಆ ಪ್ರದರ್ಶನಕ್ಕೆ ಹೆಚ್ಚಿಗೆ ದುಡ್ಡು ಬಿಚ್ಚಬೇಡಿ.

ಇನ್ನು ಎಷ್ಟು ಅಗ್ಗವಾದರೂ ಬೇಡವೇ ಬೇಡ ಎನ್ನಬೇಕಾದ್ದು. ಹಳೇ ಕಾಲದ ಬಣ್ಣ, ಮೆರುಗುಗಳಲ್ಲಿ ಸೀಸ ಇರುತ್ತಿತ್ತು. ಕಡು ಕೆಂಪು, ಕಿತ್ತಳೆ, ಹಳದಿ ಬಣ್ಣಗಳಲ್ಲಿ ಕ್ಯಾಡ್ಮಿಯಂ ಕೂಡ. ಹುಳಿ ಮತ್ತು ಬಿಸಿ ಎರಡೂ ಸೇರಿದರೆ ಅವು ಪಾನೀಯಕ್ಕೆ ಇಳಿಯಬಹುದು. ಕಪ್ಪಿನ ಚಿತ್ರದ ಮೇಲೆ ಬೆರಳಾಡಿಸಿದಾಗ ಬಣ್ಣ ಉಬ್ಬಿ ತಾಗಿದರೆ ಅದು ಮೆರುಗಿನ ಮೇಲೆ ಬರೆದದ್ದು, ಸವೆಯುವಂಥದ್ದು. ಅಂಥ ಚಿತ್ರ ಒಳಮೈಯಲ್ಲೋ ತುಟಿಯಂಚಿನಲ್ಲೋ ಇದ್ದು, ಕಪ್ಪಿನ ವಯಸ್ಸು ಗೊತ್ತಿಲ್ಲದಿದ್ದರೆ ಅದರಲ್ಲಿ ಪೆನ್ನು ಇಡಿ, ಚಹಾ ಹಾಕಬೇಡಿ. ಚಕ್ಕೆ ಎದ್ದ ಎನಾಮಲ್ ಮಗ್ಗೂ ಇದೇ ಸಾಲಿಗೆ. ಚಿನ್ನದ ಗೆರೆಯ ಕಪ್ಪನ್ನು ಮೈಕ್ರೊವೇವ್‌ನಲ್ಲಿ ಇಟ್ಟರೆ ಕಿಡಿ ಹಾರುತ್ತದೆ. ಮುರಿದ ಹಿಡಿಗೆ ಅಂಗಡಿಯ ಅಂಟು ಹಾಕಿ ಮಾರುವವರಿದ್ದಾರೆ, ಬಿಸಿ ಚಹಾ ತುಂಬಿ ಎತ್ತಿದಾಗ ಅದು ಎಲ್ಲಿ ಬೀಳುತ್ತದೆಂದು ಬೇರೆ ಹೇಳಬೇಕಿಲ್ಲ. ಎತ್ತಿಕೊಳ್ಳುವ ಮೊದಲು ಹಿಡಿಯನ್ನು ಒಮ್ಮೆ ಹಗುರವಾಗಿ ತಿರುಚಿ ನೋಡಿ.

ಹೋಗುವವರಿಗೆ ಎರಡು ಮಾತು. ಸಂಡೇ ಬಜಾರಿಗೆ ಬೆಳಗ್ಗೆಯೇ ಹೋಗಿ. ಮಧ್ಯಾಹ್ನದ ಹೊತ್ತಿಗೆ ಒಳ್ಳೆಯದೆಲ್ಲ ಹೊರಟುಹೋಗಿರುತ್ತದೆ, ಜನಜಂಗುಳಿಯಲ್ಲಿ ಜೇಬಿನದ್ದೂ ಹೋದೀತು. ಹತ್ತು, ಇಪ್ಪತ್ತರ ಚಿಲ್ಲರೆ ಇಟ್ಟುಕೊಳ್ಳಿ. ಐನೂರರ ನೋಟು ತೋರಿಸಿದ ಮೇಲೆ ಚೌಕಾಸಿ ಮಾಡುವುದು ಕಷ್ಟ. ಸುತ್ತಿಕೊಳ್ಳಲು ಹಳೇ ಟವೆಲ್ಲೊಂದಿರಲಿ. ಇಲ್ಲಿ ವಾಪಸ್, ಬದಲಾವಣೆ ಯಾವುದೂ ಇಲ್ಲ. ಜೋಡಿ ಹುಡುಕುತ್ತಾ ಕೂರಬೇಡಿ, ಸೋಮವಾರ ಬೆಳಗ್ಗೆ ಯಾವುದರಲ್ಲಿ ಚಹಾ ಕುಡಿಯುತ್ತೀರೋ ಆ ಒಂದನ್ನು ಆರಿಸಿ. ಷೋಕೇಸಿಗೆ ಎಂದು ಕೊಳ್ಳುವುದಾದರೆ ದಯವಿಟ್ಟು ಬೇರೆಯವರಿಗೆ ಬಿಡಿ. ಷೋಕೇಸಿಗೆ ಹೋದದ್ದು ಹೇಗೂ ಇಲ್ಲಿಗೇ ವಾಪಸ್ ಬರುತ್ತದೆ, ನಡುವೆ ಹೋಗುವುದು ನಿಮ್ಮ ದುಡ್ಡು.